ಸೌಂಡ್ ಮೀಟರ್‌ನಲ್ಲಿ ಸ್ಪೀಕರ್ ಲೆವೆಲ್ ಹೊಂದಿಸುವುದು: 5.1 ಟಿಪ್ಪಣಿ (ಸಬ್‌ವೂಫರ್ ಗೊಂದಲವೇ ಜಾಸ್ತಿ)

5.1 ಅಂದರೆ ಐದು ಸ್ಪೀಕರ್, ಜೊತೆಗೆ ಕೆಳದನಿಗೆಂದೇ ಒಂದು ಸಬ್‌ವೂಫರ್ (ಸಬ್) ಇರುವ ಹೋಮ್ ಥಿಯೇಟರ್. ರಿಸೀವರ್ (ಇವನ್ನೆಲ್ಲ ಓಡಿಸುವ ಪೆಟ್ಟಿಗೆ) ಮೆನುವಿನಲ್ಲಿ ಸ್ಪೀಕರ್ ದೂರ ತುಂಬಿ, ಎಲ್ಲವನ್ನೂ 'ಸ್ಮಾಲ್' ಮಾಡಿ (ಅವುಗಳ ಕೆಳದನಿ ಸಬ್‌ಗೆ ಹೋಗಲಿ ಅಂತ), ಕ್ರಾಸ್‌ಓವರ್ (ಹಾಗೆ ಕತ್ತರಿಸುವ ಗಡಿ) 80 ಹರ್ಟ್ಜ್‌ಗೆ ಇಟ್ಟಾಗಿದೆ ಅಂದುಕೊಂಡು ಮುಂದುವರಿಯೋಣ. ಉಳಿದಿರುವುದು ಲೆವೆಲ್. ನಾವು ಕೂರುವ ಜಾಗಕ್ಕೆ ಪ್ರತಿ ಸ್ಪೀಕರಿನ ಸದ್ದೂ ಒಂದೇ ಸಮ ತಲುಪಬೇಕು, ಅಷ್ಟೇ.

ಮೀಟರ್ ಇಡುವುದು

ವೇಯ್ಟಿಂಗ್ (ಯಾವ ದನಿಯನ್ನು ಎಷ್ಟು ಎಣಿಸಬೇಕೆಂಬ ಆಯ್ಕೆ) 'ಸಿ', ರೆಸ್ಪಾನ್ಸ್ (ಅಂಕಿ ಬದಲಾಗುವ ವೇಗ) 'ಸ್ಲೋ'. ಕೊಳ್ಳುವ ಮೊದಲು 'ಸಿ' ಇದೆಯೇ ನೋಡಿ. ಅಗ್ಗದ ಪುಟ್ಟ ಮೀಟರ್‌ಗಳಲ್ಲಿ ಎಷ್ಟೋ ಸಲ 'ಎ' ಮಾತ್ರ ಇರುತ್ತದೆ. 40 ಹರ್ಟ್ಜ್‌ನಲ್ಲಿ 'ಎ' ಸುಮಾರು 35 ಡಿಬಿ ಕಡಿಮೆ ತೋರಿಸುತ್ತದೆ, 'ಸಿ' ಬರೀ 2 ಡಿಬಿ. 'ಎ' ನಂಬಿ ಸಬ್ ಏರಿಸುತ್ತಾ ಹೋದರೆ ಮೀಟರ್ ತೃಪ್ತಿಯಾಗುವ ಮೊದಲೇ ಕಿಟಕಿ ಗಾಜು ಗದಗುಟ್ಟುತ್ತದೆ.

ಕೂತಾಗ ಕಿವಿ ಇರುವ ಎತ್ತರಕ್ಕೆ ಟ್ರೈಪಾಡ್ ಮೇಲೆ ಮೀಟರ್, ಮೈಕ್ ಮುಖ ಸೂರಿನ ಕಡೆಗೆ. ಕೈಯಲ್ಲಿ ಹಿಡಿದರೆ ಮೈಗೆ ತಾಗಿ ಮರಳುವ ಸದ್ದೂ ಲೆಕ್ಕಕ್ಕೆ ಸೇರುತ್ತದೆ. ಒಂದೊಂದು ಸ್ಪೀಕರಿನ ಕಡೆಗೂ ಮೀಟರ್ ತಿರುಗಿಸುವುದು ಬೇಡ. ಮೇಲ್ಮುಖವಾಗಿದ್ದರೆ ಐದಕ್ಕೂ ಕೋನ ಹೆಚ್ಚುಕಡಿಮೆ ಒಂದೇ.

ಫ್ಯಾನ್ ಆರಿಸಿ. ಅದರ ಸದ್ದಿಗಿಂತ ಗಾಳಿಯ ಕಾಟ ಹೆಚ್ಚು: ಮೈಕ್‌ಗೆ ಬಡಿಯುವ ಗಾಳಿ ಕೆಳದನಿಯಾಗಿ ದಾಖಲಾಗುತ್ತದೆ, 'ಸಿ' ಅದನ್ನು ಬಿಡದೆ ಎಣಿಸುತ್ತದೆ. ಟೋನ್ ನಿಂತಾಗ ಮೀಟರ್ 65ಕ್ಕಿಂತ ಕೆಳಗಿರಬೇಕು. ಹಿನ್ನೆಲೆ ಸದ್ದು ಟೋನ್‌ಗಿಂತ 10 ಡಿಬಿ ಕೆಳಗಿದ್ದರೆ ಓದು 0.4 ಡಿಬಿ ಮಾತ್ರ ಕೆಡುತ್ತದೆ, ಎರಡೂ ಸಮ ಆದರೆ 3 ಡಿಬಿ.

ಐದು ಸ್ಪೀಕರ್

ರಿಸೀವರಿನ ಟೆಸ್ಟ್ ಟೋನ್ ಹಾಕಿ ಪ್ರತಿಯೊಂದನ್ನೂ 75 ಡಿಬಿಗೆ ತನ್ನಿ. ಕೆಲವು ರಿಸೀವರ್‌ಗಳಲ್ಲಿ ಟೋನ್ ವಾಲ್ಯೂಮ್ ಜೊತೆ ಏರಿಳಿಯುತ್ತದೆ. ಅಂಥದ್ದರಲ್ಲಿ ವಾಲ್ಯೂಮನ್ನು 0 ಡಿಬಿಗೆ ಇಟ್ಟು ಮೊದಲು ಎಡ ಸ್ಪೀಕರ್ ಹೊಂದಿಸಿ. ಮೀಟರ್ ಎಡಕ್ಕೆ 76, ಸೆಂಟರ್‌ಗೆ 73.5, ಬಲಕ್ಕೆ 75.5, ಎಡ ಸರೌಂಡ್‌ಗೆ 71, ಬಲ ಸರೌಂಡ್‌ಗೆ 74 ಓದಿತು ಅನ್ನಿ. ಟ್ರಿಮ್ (ಒಂದೊಂದು ಸ್ಪೀಕರಿನ ಲೆವೆಲ್ ಏರಿಳಿಸುವ ಮೆನು ಅಂಕಿ) ಎಲ್ಲ 0 ಇದ್ದಿದ್ದರೆ ಈಗ ಇಡಬೇಕಾದದ್ದು ಕ್ರಮವಾಗಿ −1, +1.5, −0.5, +4, +1. ಮೀಟರೇ 2 ಡಿಬಿ ತಪ್ಪು ಓದಿದರೂ ತಲೆಕೆಡಿಸಿಕೊಳ್ಳಬೇಡಿ. ಐದಕ್ಕೂ ಒಂದೇ ತಪ್ಪು, ಸಮತೋಲ ಕೆಡುವುದಿಲ್ಲ.

ಸಬ್‌ವೂಫರ್: 75ಓ, 85ಓ?

ಬಹುತೇಕರು ಎಡವುವುದು ಇಲ್ಲೇ. ಎಲ್‌ಎಫ್‌ಇ ಚಾನೆಲ್, ಅಂದರೆ ಸಿನಿಮಾದ ಸದ್ದಿನಲ್ಲಿ ಕೆಳದನಿಗೆಂದೇ ಇರುವ, 5.1ರಲ್ಲಿನ ಆ '.1', ಉಳಿದವಕ್ಕಿಂತ 10 ಡಿಬಿ ಜಾಸ್ತಿ ಕೇಳಬೇಕು ಅಂತ ಓದಿರುತ್ತೇವೆ. ಅದು ನಿಜ. ಹಾಗಾಗಿ ಸಬ್ ಅನ್ನು 85ಕ್ಕೆ ಇಡೋಣ ಅನ್ನಿಸುತ್ತದೆ. ಅದು ತಪ್ಪು.

ಸಬ್‌ಗೆ ಸದ್ದು ಎರಡು ದಾರಿಯಲ್ಲಿ ಬರುತ್ತದೆ. ಒಂದು, ಎಲ್‌ಎಫ್‌ಇ. ಇನ್ನೊಂದು, 'ಸ್ಮಾಲ್' ಮಾಡಿದ ಐದೂ ಸ್ಪೀಕರ್‌ಗಳಿಂದ ಕಿತ್ತುಕೊಂಡ 80 ಹರ್ಟ್ಜ್‌ಗಿಂತ ಕೆಳಗಿನ ಭಾಗ. ಆ 10 ಡಿಬಿಯನ್ನು ರಿಸೀವರ್ ಮೊದಲ ದಾರಿಗೆ ಮಾತ್ರ, ಒಳಗೇ ಸೇರಿಸುತ್ತದೆ. ಸಬ್ ಟ್ರಿಮ್ ಇರುವುದು ಎರಡೂ ದಾರಿ ಕೂಡಿದ ಮೇಲೆ. ಅಲ್ಲಿ 10 ಏರಿಸಿದರೆ ಎಲ್‌ಎಫ್‌ಇ 20 ಡಿಬಿ ಏರುತ್ತದೆ, ಜೊತೆಗೆ ಗಂಡಸರ ಮಾತು, ತಬಲಾದ ಡಗ್ಗ ಎಲ್ಲವೂ ಡ್ರಮ್ಮಿನೊಳಗಿಂದ ಬಂದಂತೆ ಗುಂಯ್‌ಗುಡುತ್ತವೆ. ಆದ್ದರಿಂದ ರಿಸೀವರಿನ ಟೋನ್‌ಗೆ ಸಬ್ ಕೂಡ 75. ರುಚಿಗೆ 2-3 ಡಿಬಿ ಜಾಸ್ತಿ ಬೇಕೆಂದರೆ ಆಮೇಲೆ ಏರಿಸಿಕೊಳ್ಳಿ, ಅಡ್ಡಿಯಿಲ್ಲ.

ಅಳೆಯುವ ಕ್ರಮ: ಸಬ್ ಹಿಂದಿನ ಲೋ-ಪಾಸ್ ನಾಬ್ ಪೂರ್ತಿ ಮೇಲಕ್ಕೆ (ಇಲ್ಲದಿದ್ದರೆ ಕ್ರಾಸ್‌ಓವರ್ ಎರಡು ಸಲ ಕತ್ತರಿಸುತ್ತದೆ), ಗೇನ್ (ಸಬ್‌ನದೇ ವಾಲ್ಯೂಮ್ ನಾಬ್) ಅರ್ಧಕ್ಕೆ, ರಿಸೀವರ್ ಟ್ರಿಮ್ 0ಕ್ಕೆ. ಮೊದಲು ಗೇನ್ ನಾಬಿನಿಂದಲೇ 75ರ ಆಸುಪಾಸಿಗೆ ತಂದು, ಉಳಿದ ಅರ್ಧ-ಒಂದು ಡಿಬಿಯನ್ನು ಟ್ರಿಮ್‌ನಲ್ಲಿ ಸರಿಮಾಡಿ. ಆಟೋ ಸೆಟಪ್ (ರಿಸೀವರ್ ಮೈಕ್ ಇಟ್ಟು ತಾನೇ ಅಳೆದು ಹೊಂದಿಸುವುದು) ಸಬ್ ಟ್ರಿಮ್ −12 ತೋರಿಸಿದರೆ ಹಾಗೇ ಬಿಡಬೇಡಿ. ಟ್ರಿಮ್‌ಗೆ −12 ಕೊನೆಯ ಮೆಟ್ಟಿಲಾಗಿದ್ದರೆ ಸಬ್ ನಿಜವಾಗಿ ಎಷ್ಟು ಜಾಸ್ತಿಯಿದೆ ಅಂತ ಗೊತ್ತೇ ಆಗುವುದಿಲ್ಲ. ಗೇನ್ ಇಳಿಸಿ ಮತ್ತೆ ಓಡಿಸಿ.

ಸಬ್ ಟೋನ್‌ಗೆ ಮೀಟರ್ ಒಂದು ಕಡೆ ನಿಲ್ಲದೆ 3-4 ಡಿಬಿ ಓಲಾಡುತ್ತದೆ. 15 ಸೆಕೆಂಡ್ ನೋಡಿ ನಡುವಿನ ಅಂಕಿ ಹಿಡಿಯಿರಿ. ಮೀಟರನ್ನು ಒಂದಡಿ ಸರಿಸಿದರೂ ಓದು ಬದಲಾಗಬಹುದು, ಅದು ಕೋಣೆಯ ಗುಣ. ಪಕ್ಕದ ಸೀಟಿನಲ್ಲೂ ನೋಡಿ, ವ್ಯತ್ಯಾಸ ಜಾಸ್ತಿಯಿದ್ದರೆ ಟ್ರಿಮ್ ಮುಟ್ಟದೆ ಸಬ್‌ನ ಜಾಗ ಬದಲಿಸಿ.

ಬಿಡಿ ವಿಷಯ

ಆಟೋ ಸೆಟಪ್ ಆದ ಮೇಲೆ ಮೀಟರ್ ಬೇರೆಯೇ ಹೇಳಿದರೆ ತಕ್ಷಣ ಟ್ರಿಮ್ ತಿದ್ದಬೇಡಿ. ಹಲವು ರಿಸೀವರ್‌ಗಳಲ್ಲಿ ಒಳಗಿನ ಟೋನ್ ರೂಮ್ ಕರೆಕ್ಷನ್ ಫಿಲ್ಟರ್ (ಕೋಣೆಯಿಂದಾಗುವ ಏರುಪೇರು ತಿದ್ದುವ ಫಿಲ್ಟರ್) ಮೂಲಕ ಹಾಯುವುದೇ ಇಲ್ಲ. ಡಿಸ್ಕ್ ಅಥವಾ ಪೆನ್ ಡ್ರೈವ್‌ನ ಟೋನ್ ಹಾಕಿ ನೋಡಿ.

ಫೋನ್ ಆ್ಯಪ್ ಐದು ಸ್ಪೀಕರ್ ಹೋಲಿಸಲು ಸಾಕು. ಸಬ್‌ಗೆ ಬೇಡ, ಫೋನ್ ಮೈಕ್ ಕೆಳದನಿಯನ್ನು ಸೋಸಿಬಿಡುತ್ತದೆ.

ಕೊನೆಗೆ ಫೇಸ್ ಸ್ವಿಚ್, ಅಂದರೆ ಸಬ್‌ನ ಸದ್ದಿನ ಅಲೆಯನ್ನು ತಿರುಗುಮುರುಗು ಮಾಡುವ ಸ್ವಿಚ್. ಎಡ ಸ್ಪೀಕರ್‌ಗೆ 80 ಹರ್ಟ್ಜ್ ಟೋನ್ ಕೊಟ್ಟು (ಸಬ್ ಕೂಡ ಓಡುತ್ತಿರಲಿ) ಸ್ವಿಚ್ ಅನ್ನು 0, 180 ಎರಡರಲ್ಲೂ ಇಟ್ಟು ಓದಿ. ಅಂಕಿ ಹೆಚ್ಚು ಬಂದ ಕಡೆ ಬಿಡಿ. ಸ್ವಿಚ್ ತಿರುಗಿಸಿದರೆ ಸಬ್ ಒಂದರದೇ ಲೆವೆಲ್ ಬದಲಾಗುವುದಿಲ್ಲ, ಹಾಗಾಗಿ ಆ 75 ಮತ್ತೆ ಅಳೆಯಬೇಕಿಲ್ಲ.