ಕಲ್ಪಿತ ರಾಜ್ಯಗಳಿಗೆ ನಾಣ್ಯ ಕಟ್ಟುವ ಬಗೆ: ಅಧ್ಯಯನ ಟಿಪ್ಪಣಿ

ಕಾದಂಬರಿಗೋ ಟೇಬಲ್‌ಟಾಪ್ ಆಟಕ್ಕೋ ಒಂದು ಲೋಕ ಕಟ್ಟಲು ಕೂತಾಗ ನಾಣ್ಯದ ಹೆಸರು, ಅದರ ಮೇಲಿನ ಗಂಡಭೇರುಂಡ, ಹಿಂಬದಿಯ ಬಿರುದು ಮೊದಲು ಹೊಳೆಯುತ್ತವೆ. ಅವನ್ನು ಕೊನೆಗೆ ಇಟ್ಟುಕೊಳ್ಳಿ. ಮೊದಲು ಉತ್ತರ ಬೇಕಾದ ಪ್ರಶ್ನೆ ಎರಡು: ಆ ರಾಜ್ಯದ ನೆಲದಲ್ಲಿ ಯಾವ ಲೋಹ ಸಿಗುತ್ತದೆ? ಗಡಿ ದಾಟಿದ ಮೇಲೆ ಆ ನಾಣ್ಯಕ್ಕೆ ಚಿನಿವಾರ (ನಾಣ್ಯ ಪರೀಕ್ಷಿಸಿ ಬದಲಿಸಿಕೊಡುವವನು) ಎಷ್ಟು ಕೊಡುತ್ತಾನೆ?

ಕೆಳಗಿನ ನಾಣ್ಯದಿಂದ ಶುರು

ಚಿನ್ನದ ನಾಣ್ಯದಿಂದ ಲೆಕ್ಕ ಇಳಿಸುತ್ತ ಬಂದರೆ ಸಂತೆಯಲ್ಲಿ ಸಿಕ್ಕಿಬೀಳುತ್ತೀರಿ. ಕೆ.ಆರ್. ಮಾರುಕಟ್ಟೆಯಲ್ಲಿ ಒಂದು ಮೊಳ ಹೂವು ಅಥವಾ ಒಂದು ಕಟ್ಟು ಸೊಪ್ಪು ಕೊಳ್ಳುವಂಥ ಸಣ್ಣ ವ್ಯಾಪಾರವನ್ನು ಹಿಡಿದುಕೊಳ್ಳಿ. ನಿಮ್ಮ ಅತಿ ಚಿಕ್ಕ ನಾಣ್ಯ ಅದನ್ನು ಕೊಳ್ಳುವಂತಿರಲಿ. ಆಮೇಲೆ ಕೂಲಿಯವನ ದಿನಗೂಲಿ ಅಂಥ ಎಷ್ಟು ನಾಣ್ಯ ಎಂದು ಗೊತ್ತುಮಾಡಿ. ಈ ಎರಡು ಅಂಕಿ ನಿಂತರೆ ಉಳಿದ ಬೆಲೆಗಳು ತಾವಾಗಿ ಕೂರುತ್ತವೆ.

1443ರಲ್ಲಿ ವಿಜಯನಗರಕ್ಕೆ ಬಂದ ಪರ್ಷಿಯಾದ ರಾಯಭಾರಿ ಅಬ್ದುಲ್ ರಜಾಕ್ ಬರೆದಿಟ್ಟ ಲೆಕ್ಕ ಇದಕ್ಕೆ ಒಳ್ಳೆಯ ಮಾದರಿ. ಒಂದು ವರಹಕ್ಕೆ 2 ಪ್ರತಾಪ, ಒಂದು ಪ್ರತಾಪಕ್ಕೆ 10 ಹಣ. ಈ ಮೂರೂ ಚಿನ್ನ. ಒಂದು ಹಣಕ್ಕೆ ಬೆಳ್ಳಿಯ 6 ತಾರ, ಒಂದು ತಾರಕ್ಕೆ ತಾಮ್ರದ 3 ಜೀತಲ. ಗುಣಿಸಿದರೆ ಒಂದು ವರಹಕ್ಕೆ 360 ಜೀತಲ. ಎಲ್ಲಕ್ಕಿಂತ ಹೆಚ್ಚು ಬಳಕೆಯಲ್ಲಿದ್ದದ್ದು ಹಣ ಎಂದೂ ಅವನು ಹೇಳುತ್ತಾನೆ. ಅಂದರೆ ಊರು ನಡೆಯುವುದು ನಡುವಿನ ನಾಣ್ಯದ ಮೇಲೆ.

ಎಲ್ಲ ರಾಜ್ಯಕ್ಕೂ ‘ನೂರು ತಾಮ್ರಕ್ಕೆ ಒಂದು ಬೆಳ್ಳಿ, ನೂರು ಬೆಳ್ಳಿಗೆ ಒಂದು ಚಿನ್ನ’ ಎಂದು ಬರೆಯುವುದು ನನಗೆ ಒಪ್ಪಿಗೆಯಿಲ್ಲ. ಒಂದೇ ತೂಕದ ಚಿನ್ನಕ್ಕೂ ಬೆಳ್ಳಿಗೂ ಬೆಲೆಯ ಅಂತರ ಚರಿತ್ರೆಯಲ್ಲಿ ಬಹುಕಾಲ 10ರಿಂದ 16 ಪಟ್ಟಿನ ಆಸುಪಾಸಿನಲ್ಲೇ ಇತ್ತು. ನೂರು ಪಟ್ಟು ಬೇಕೆಂದರೆ ಬೆಳ್ಳಿ ನಾಣ್ಯ ತೀರ ಹಗುರವಾಗಬೇಕು, ಇಲ್ಲವೇ ಬೆಳ್ಳಿ ಆ ಲೋಕದಲ್ಲಿ ರಾಶಿ ರಾಶಿ ಸಿಗಬೇಕು. ಎರಡರಲ್ಲಿ ಯಾವುದು ಎಂದು ನೀವು ಹೇಳಲೇಬೇಕು. ಹತ್ತರ ಲೆಕ್ಕ ಸಾಮಾನ್ಯವಾಗಿ ಸುಧಾರಣೆಯಿಂದ ಬರುತ್ತದೆ. ನಮ್ಮಲ್ಲೇ ರೂಪಾಯಿಗೆ 16 ಆಣೆ, 192 ಪೈ ಇದ್ದದ್ದು 1957ರ ಏಪ್ರಿಲ್ 1ರಂದು ನೂರು ಪೈಸೆಯಾಯಿತು.

ಇನ್ನೊಂದು ಉಪಾಯ: ಲೆಕ್ಕದಲ್ಲಿ ಮಾತ್ರ ಇರುವ ನಾಣ್ಯ. ಮೈಸೂರಿನ ಕಂಠೀರವ ನರಸರಾಜ ಒಡೆಯರು (ಆಳ್ವಿಕೆ 1638–1659) ಹೊರಡಿಸಿದ ಕಂಠೀರಾಯಿ ಹಣ ತೊಗರಿಬೇಳೆಯಷ್ಟು ಚಿಕ್ಕ ಚಿನ್ನದ ನಾಣ್ಯ. ಅಂಥ ಹತ್ತು ಸೇರಿದರೆ ಕಂಠೀರಾಯಿ ವರಹ; ಅದು ಕಡತದ ಎಣಿಕೆಯೇ ಹೊರತು ಟಂಕಸಾಲೆಯಲ್ಲಿ ಅಚ್ಚಾದ ನಾಣ್ಯವಲ್ಲ. ನಿಮ್ಮ ಕಥೆಯ ಸಾಲಪತ್ರದಲ್ಲಿ ‘ನೂರು ವರಹ’ ಎಂದಿದ್ದು, ತೀರಿಸುವವನು ಸಾವಿರ ಹಣ ಸುರಿದರೆ ಅದನ್ನು ಎಣಿಸುವುದೇ ಒಂದು ದೃಶ್ಯ. ಕೇರಳದಲ್ಲಿ ಇಂಥ ಪುಟ್ಟ ನಾಣ್ಯಗಳಿಗೆ ಸಾಲು ಸಾಲು ಕುಳಿ ಕೊರೆದ ಮರದ ಹಲಗೆ ಇರುತ್ತಿತ್ತು. ನಾಣ್ಯ ಸುರಿದು ಹಲಗೆ ಅಲುಗಿಸುತ್ತಾರೆ, ಪ್ರತಿ ಕುಳಿಯಲ್ಲಿ ಒಂದೊಂದು ಕೂರುತ್ತದೆ, ಮಿಕ್ಕದ್ದನ್ನು ಅಂಗೈಯಲ್ಲಿ ಸವರಿ ತೆಗೆಯುತ್ತಾರೆ. ಕುಳಿ ತುಂಬಿದರೆ ಎಣಿಕೆ ಮುಗಿಯಿತು.

ಗಡಿಯ ಲೆಕ್ಕ

ಇಲ್ಲಿ ಸ್ವಲ್ಪ ನಿಧಾನಿಸಿ, ಕಾಗದ ಪೆನ್ನು ಹಿಡಿದೇ ಓದಿ. ಎರಡು ರಾಜ್ಯ ಇಟ್ಟುಕೊಳ್ಳೋಣ. ಹೊನ್ನಾಡಿನಲ್ಲಿ ಚಿನ್ನದ ಗಣಿಗಳಿವೆ. ತೆರೆಪಟ್ಟಣ ಬಂದರು, ಹಡಗಿನಲ್ಲಿ ಬೆಳ್ಳಿ ಬರುತ್ತದೆ, ಚಿನ್ನ ಅಪರೂಪ.

ಹೊನ್ನಾಡಿನ ನಾಣ್ಯದ ತೂಕ 3.4 ಗ್ರಾಂ, ಅದರಲ್ಲಿ 90% ಚಿನ್ನ. ಅಪ್ಪಟ ಚಿನ್ನ 3.06 ಗ್ರಾಂ. ತೆರೆಪಟ್ಟಣದ ಬೆಳ್ಳಿ ನಾಣ್ಯದ ತೂಕ 11.5 ಗ್ರಾಂ, 96% ಬೆಳ್ಳಿ. ಅಪ್ಪಟ ಬೆಳ್ಳಿ 11.04 ಗ್ರಾಂ. ಹೊನ್ನಾಡಿನಲ್ಲಿ ಒಂದು ಗ್ರಾಂ ಚಿನ್ನಕ್ಕೆ 10 ಗ್ರಾಂ ಬೆಳ್ಳಿ, ತೆರೆಪಟ್ಟಣದಲ್ಲಿ 14 ಗ್ರಾಂ ಎಂದಿರಲಿ.

ಹೊನ್ನಾಡಿನಲ್ಲಿ ಒಂದು ಚಿನ್ನದ ನಾಣ್ಯಕ್ಕೆ 30.6 ಗ್ರಾಂ ಬೆಳ್ಳಿ, ಅಂದರೆ 2.77 ಬೆಳ್ಳಿ ನಾಣ್ಯ. ಅದೇ ನಾಣ್ಯ ತೆರೆಪಟ್ಟಣಕ್ಕೆ ಹೋದರೆ 42.84 ಗ್ರಾಂ, ಅಂದರೆ 3.88 ಬೆಳ್ಳಿ ನಾಣ್ಯ. ಈಗ ಒಬ್ಬ ವರ್ತಕ 277 ಬೆಳ್ಳಿ ನಾಣ್ಯ ಹೊತ್ತು ಹೊನ್ನಾಡಿಗೆ ಹೋಗುತ್ತಾನೆ. ತೂಕ ಬರೀ 3.2 ಕಿಲೋ. ನೂರು ಚಿನ್ನದ ನಾಣ್ಯದೊಂದಿಗೆ ಮರಳಿ 388 ಬೆಳ್ಳಿ ಎಣಿಸಿಕೊಳ್ಳುತ್ತಾನೆ. ನೂರಕ್ಕೆ ನಲವತ್ತು ಲಾಭ. ದಾರಿಯ ಸುಂಕ, ಕಾವಲಿನ ಖರ್ಚು, ಚಿನಿವಾರ ಹಿಡಿದುಕೊಳ್ಳುವ ವಟ್ಟ (ಬದಲಾವಣೆಯ ಕಡಿತ) ಕಳೆದ ಮೇಲೂ ಏನಾದರೂ ಉಳಿಯುವ ತನಕ ಜನ ಓಡಾಡುತ್ತಲೇ ಇರುತ್ತಾರೆ.

ಹೀಗಾಗಿ ಹೊನ್ನಾಡಿನ ಚಿನ್ನ ಹೊರಹೋಗುತ್ತದೆ, ಬೆಳ್ಳಿ ಒಳಬರುತ್ತದೆ, ಕೊನೆಗೆ ಎರಡೂ ಕಡೆಯ ದರ ಹತ್ತಿರವಾಗುತ್ತದೆ. ಲೆಕ್ಕ ತಪ್ಪುವ ಜಾಗ ಇದೇ: ಭಾರೀ ಅಂತರವಿಟ್ಟು, ನೂರಾರು ವರ್ಷ ವ್ಯಾಪಾರವೂ ನಡೆದಿದೆ ಎಂದು ಬರೆಯುತ್ತಾರೆ. ಅಂತರ ಉಳಿಯಬೇಕಾದರೆ ಕಾರಣ ಕೊಡಿ. ಮರುಭೂಮಿ, ಯುದ್ಧ, ಚಿನ್ನ ಸಾಗಿಸಿದರೆ ಮರಣದಂಡನೆ, ಏನಾದರೂ ಆಗಬಹುದು. ರಾಜನೇ ದರ ಗೊತ್ತುಮಾಡಿ ಎಡವುವುದೂ ಉಂಟು. 1717ರಲ್ಲಿ ಟಂಕಸಾಲೆಯ ಮುಖ್ಯಸ್ಥನಾಗಿದ್ದ ಐಸಾಕ್ ನ್ಯೂಟನ್ ವರದಿಯ ಮೇಲೆ ಇಂಗ್ಲೆಂಡಿನ ಚಿನ್ನದ ನಾಣ್ಯ ಗಿನಿಗೆ ಬೆಳ್ಳಿಯ 21 ಷಿಲಿಂಗ್ ಎಂದು ನಿಗದಿಯಾಯಿತು. ಚಿನ್ನಕ್ಕೆ ಹೊರಗಿಗಿಂತ ಹೆಚ್ಚು ಬೆಲೆ ಕಟ್ಟಿದಂತಾಗಿ, ತೂಕ ಸರಿಯಿದ್ದ ಬೆಳ್ಳಿ ನಾಣ್ಯಗಳು ದೇಶ ಬಿಟ್ಟು ಹರಿದವು.

ಪರದೇಶದ ನಾಣ್ಯ ಯಾರ ಮುಖವಿದ್ದರೂ ನಡೆಯುತ್ತದೆ, ಲೋಹ ನಂಬುವಂತಿದ್ದರೆ. ನಮ್ಮ ಯಶವಂತಪುರದಲ್ಲೂ ಎಚ್‌ಎಎಲ್ ಬಳಿಯೂ ಅಗಸ್ಟಸ್, ಟೈಬೀರಿಯಸ್, ಕ್ಲಾಡಿಯಸ್ ಕಾಲದ ರೋಮನ್ ನಾಣ್ಯಗಳು ಸಿಕ್ಕಿವೆ. ಕ್ರಿ.ಶ. 64ರಲ್ಲಿ ರೋಮಿನ ಚಕ್ರವರ್ತಿ ನೀರೋ ಅಲ್ಲಿನ ಬೆಳ್ಳಿ ನಾಣ್ಯ ದಿನಾರಿಯಸ್‌ನ ತೂಕವನ್ನೂ ಬೆಳ್ಳಿಯನ್ನೂ ಇಳಿಸಿದ. ದಕ್ಷಿಣ ಭಾರತದ ರೋಮನ್ ಬೆಳ್ಳಿ ನಿಧಿಗಳಲ್ಲಿ ಹೆಚ್ಚಾಗಿ ಕಾಣುವುದು ಅದಕ್ಕಿಂತ ಹಳೆಯ, ಅಗಸ್ಟಸ್ ಮತ್ತು ಟೈಬೀರಿಯಸ್ ಕಾಲದ ನಾಣ್ಯಗಳೇ. ನಿಮ್ಮ ಲೋಕದಲ್ಲೂ ‘ಹಳೇ ರಾಜನದ್ದಾದರೆ ಕೊಡು, ಹೊಸದು ಬೇಡ’ ಎನ್ನುವ ಅಂಗಡಿಯವನಿರಲಿ.

ಬೆರಕೆ ಪತ್ತೆ

ಕಥೆಗಳಲ್ಲಿ ನಾಣ್ಯವನ್ನು ಹಲ್ಲಿನಲ್ಲಿ ಕಚ್ಚಿ ನೋಡುತ್ತಾರೆ. ಸೀಸ ಚಿನ್ನಕ್ಕಿಂತಲೂ ಮೆದು, ಆದ್ದರಿಂದ ಆ ಪರೀಕ್ಷೆ ನೆಚ್ಚುವಂಥದ್ದಲ್ಲ. ನೀರಿನ ಪರೀಕ್ಷೆಗೂ ಮಿತಿಯಿದೆ. ಚಿನ್ನದ ಸಾಂದ್ರತೆ ಘನ ಸೆಂಟಿಮೀಟರಿಗೆ 19.3 ಗ್ರಾಂ, ತಾಮ್ರದ್ದು 8.96. ಅಪ್ಪಟ ಚಿನ್ನದ 3.4 ಗ್ರಾಂ ನಾಣ್ಯ 0.176 ಘನ ಸೆಂ.ಮೀ. ನೀರು ತಳ್ಳುತ್ತದೆ, 10% ತಾಮ್ರ ಬೆರೆತದ್ದು ಸುಮಾರು 0.197. ಈ ವ್ಯತ್ಯಾಸ ಕಣ್ಣಿಗೆ ಕಾಣದು. ನೂರು ನಾಣ್ಯ ಒಟ್ಟಿಗೆ ಮುಳುಗಿಸಿದರೆ 17.6ಕ್ಕೆ 19.7, ಆಗ ಅಳೆಯಬಹುದು. ಹಾಗಾಗಿ ಚೀಲಕ್ಕೆ ನೀರು, ಬಿಡಿ ನಾಣ್ಯಕ್ಕೆ ಒರೆಗಲ್ಲು.

ಒರೆಗಲ್ಲಿನ ಕೆಲಸ ಹೀಗೆ: ನುಣುಪಾದ ಕರಿಕಲ್ಲಿನ ಮೇಲೆ ನಾಣ್ಯದ ಅಂಚನ್ನು ಉಜ್ಜಿ ಗೆರೆ ಎಳೆಯಬೇಕು. ಪಕ್ಕದಲ್ಲೇ ಗುಣ ಗೊತ್ತಿರುವ ಚಿನ್ನದ ಕಡ್ಡಿಗಳಿಂದ ಗೆರೆ ಎಳೆದು ಬಣ್ಣ ಹೋಲಿಸಬೇಕು. ಬರೀ ತಾಮ್ರ ಬೆರೆಸಿದರೆ ಗೆರೆ ಕೆಂಪಗಾಗುತ್ತದೆ, ಬರೀ ಬೆಳ್ಳಿಯಾದರೆ ಬಿಳುಪು ತಿರುಗುತ್ತದೆ. ಜಾಣ ಕಳ್ಳ ಎರಡನ್ನೂ ಹದವಾಗಿ ಸೇರಿಸಿ ಬಣ್ಣ ಸರಿದೂಗಿಸುತ್ತಾನೆ. ಆಮ್ಲ ಗೊತ್ತಿಲ್ಲದ ಲೋಕದಲ್ಲಿ ಅವನನ್ನು ಹಿಡಿಯಲು ನಾಣ್ಯ ಕರಗಿಸಿ ಪುಟವಿಡಲೇಬೇಕು, ಅಂದರೆ ಬೆಂಕಿಯಲ್ಲಿ ಕಾಯಿಸಿ ಬೆರಕೆ ಬೇರ್ಪಡಿಸಬೇಕು.

ಚಿನ್ನ, ಬೆಳ್ಳಿಯಿಲ್ಲದ ರಾಜ್ಯ

ಮೂರನೆಯ ರಾಜ್ಯ ಕಬ್ಬಿಣಕೊಳ್ಳ ಎಂದುಕೊಳ್ಳಿ. ಅಲ್ಲಿ ಕಬ್ಬಿಣದ ನಾಣ್ಯ. ತುಕ್ಕು ಹಿಡಿಯುತ್ತದೆ, ಭಾರ ಹೆಚ್ಚು, ಬೆಲೆ ಕಡಿಮೆ. ಚೀನಾದ ಸಿಚುವಾನ್‌ನಲ್ಲಿ ಕಬ್ಬಿಣದ ನಾಣ್ಯ ಹೊತ್ತು ಸಾಕಾಗಿ ವರ್ತಕರು ಚೀಟಿ ಚಲಾಯಿಸಿದರು, 1020ರ ದಶಕದಲ್ಲಿ ಸರ್ಕಾರವೇ ಅದನ್ನು ವಹಿಸಿಕೊಂಡಿತು. ಸ್ವೀಡನ್ 1644ರಲ್ಲಿ ಸುಮಾರು 20 ಕಿಲೋ ತೂಗುವ ತಾಮ್ರದ ಹಲಗೆ ನಾಣ್ಯ ಹೊರಡಿಸಿತು; 1661ರಲ್ಲಿ ಸ್ಟಾಕ್‌ಹೋಮಿನ ಬ್ಯಾಂಕು ನೋಟು ಕೊಟ್ಟಿತು. ಭಾರವೇ ಕಾಗದಕ್ಕೆ ದಾರಿ ಮಾಡುತ್ತದೆ. ಆದರೆ ನಕಲು ತಡೆಯುವ ಉಪಾಯವಿಲ್ಲದೆ ಸಾಂಕೇತಿಕ ನಾಣ್ಯ ತಂದರೆ ಮುಹಮ್ಮದ್ ಬಿನ್ ತುಘಲಕನ ಗತಿ: 14ನೇ ಶತಮಾನದಲ್ಲಿ ಅವನು ಹಿತ್ತಾಳೆ, ತಾಮ್ರದ ತುಂಡಿಗೆ ಬೆಳ್ಳಿಯ ಬೆಲೆ ಕೊಟ್ಟ, ಖೋಟಾ ನಾಣ್ಯ ತುಂಬಿತು, ಹಿಂದೆ ಪಡೆಯಬೇಕಾಯಿತು.

ಅಚ್ಚು, ಬರಹ

ಇದು ಚಿಕ್ಕ ವಿಷಯ, ಆದರೆ ವಿವರ ಸೊಗಸಾಗಿದೆ. ಕೈಯಲ್ಲಿ ಅಚ್ಚು ಹಾಕುವಾಗ ಕೆಳಗಿನ ಅಚ್ಚು ಅಡಿಗಲ್ಲಿನಲ್ಲಿ ಭದ್ರ, ಸುತ್ತಿಗೆಯ ಪೆಟ್ಟು ನೇರ ತಿನ್ನುವ ಮೇಲಿನದು ಬೇಗ ಸವೆಯುತ್ತದೆ. ಅಚ್ಚು ಲೋಹದ ಬಿಲ್ಲೆಗಿಂತ ಅಗಲವಿದ್ದರೆ ಬರಹದ ಅರ್ಧವೇ ಬೀಳುತ್ತದೆ. ಒಂದೇ ನಾಣ್ಯದಲ್ಲಿ ಪೂರ್ತಿ ಬಿರುದು ಓದಿಸಬೇಡಿ. ಬರಹ ಸುದ್ದಿಯೂ ಹೌದು: ಹೊಯ್ಸಳ ವಿಷ್ಣುವರ್ಧನನ ಚಿನ್ನದ ನಾಣ್ಯಗಳಲ್ಲಿ ಕನ್ನಡದಲ್ಲೇ ‘ಶ್ರೀ ತಲಕಾಡುಗೊಂಡ’ ಎಂದಿದೆ. ಟಿಪ್ಪುವಿನ ನಾಣ್ಯಗಳಲ್ಲಿ ಹಿಜರಿ 1200 ಆದಮೇಲೆ ಪ್ರವಾದಿಯ ಹುಟ್ಟಿನಿಂದ ಎಣಿಸುವ ಹೊಸ ಮೌಲೂದಿ ಶಕೆಯ 1215 ಬರುತ್ತದೆ, ಅಂಕಿಗಳನ್ನೂ ಬಲದಿಂದ ಎಡಕ್ಕೆ ಓದಬೇಕು. ಒಬ್ಬನೇ ಅರಸನ ಕಾಲದಲ್ಲಿ ಎರಡು ಪಂಚಾಂಗ. ಪತ್ತೇದಾರಿ ಕಥೆಗೆ ಇದಕ್ಕಿಂತ ಒಳ್ಳೆಯ ಸುಳಿವು ಬೇಡ.

ನಿಧಿಯ ತೂಕ

ನಿಮ್ಮ ನಾಯಕಿ ಹತ್ತು ಸಾವಿರ ಹೊನ್ನಾಡಿನ ನಾಣ್ಯ ಕದಿಯುತ್ತಾಳೆ ಎನ್ನಿ. ತೂಕ 34 ಕಿಲೋ. ಲೋಹದ ಗಾತ್ರ ಎರಡು ಲೀಟರಿಗೂ ಕಡಿಮೆ, ನಡುವಿನ ಸಂದು ಸೇರಿಸಿದರೂ ಮೂರೂವರೆ ಲೀಟರಿನ ಪಾತ್ರೆಯಲ್ಲಿ ಹಿಡಿಯುತ್ತದೆ. ಆಳೆತ್ತರದ ಪೆಟ್ಟಿಗೆ ಬೇಡ. ಗಟ್ಟಿ ಚರ್ಮದ ಚೀಲ ಸಾಕು, ಆದರೆ ಹೊತ್ತು ಓಡಲಾಗದು. ಅಷ್ಟೇ ಬೆಲೆಯನ್ನು ತೆರೆಪಟ್ಟಣದ ದರದಲ್ಲಿ ಬೆಳ್ಳಿಯಾಗಿ ಕದ್ದರೆ 38,800 ನಾಣ್ಯ, ಸುಮಾರು 446 ಕಿಲೋ. ಅದಕ್ಕೆ ನಾಲ್ಕೈದು ಹೇರೆತ್ತು ಬೇಕು, ಪ್ರತಿ ಸುಂಕದ ಕಟ್ಟೆಯಲ್ಲೂ ಅವನ್ನು ನಿಲ್ಲಿಸುತ್ತಾರೆ.