ಬೋರ್ಡಿನ ಮೇಲೆ ಇಂಗ್ಲಿಷ್ ದುಂಡಗೆ, ಕನ್ನಡ ಯಾಕೆ ಸೊಟ್ಟಗೆ?

ಬೆಳಗಾವಿಯ ಟಿಳಕವಾಡಿ ಕಡೆ ಹೊಸ ಕೆಫೆಯೋ ಜಿಮ್ಮೋ ಶುರುವಾದರೆ ಬೋರ್ಡಿನ ಇಂಗ್ಲಿಷ್ ಹೆಸರು ಹೆಚ್ಚುಕಡಿಮೆ ಒಂದೇ ಥರ ಇರುತ್ತದೆ. ಪೂರ್ತಿ ದುಂಡಗಿನ 'ಓ', ನೇರ ಗೆರೆ, ಎಲ್ಲ ಕಡೆ ಒಂದೇ ದಪ್ಪ. ಬಾಲವಿಲ್ಲ, ಕೊಕ್ಕೆಯಿಲ್ಲ. ಅದರ ಜೊತೆಗಿನ ಕನ್ನಡ ಮಾತ್ರ ಬೇರೆ ಅಂಗಡಿಯ ಬೋರ್ಡಿನಿಂದ ಕಿತ್ತು ತಂದು ಅಂಟಿಸಿದಂತೆ ಕಾಣುತ್ತದೆ. ಕನ್ನಡದಲ್ಲಿ ಒಳ್ಳೆ ಫಾಂಟೇ ಇಲ್ಲ ಅಂತ ಮಾಲೀಕರು ಹೇಳುತ್ತಾರೆ. ಪುಕ್ಕಟೆಯಾಗಿಯೇ ಸಿಗುತ್ತಲ್ಲ ಅಂತ ಫಾಂಟ್ ಮಾಡುವವರು ಹೇಳುತ್ತಾರೆ. ನಮ್ಮ ಕಂಪ್ಯೂಟರಿನಲ್ಲಿ ಅದು ಒಡೆದುಹೋಗುತ್ತದೆ ಅನ್ನುವುದು ಡಿಸೈನರ್‌ಗಳ ಮಾತು. ಮೂರೂ ಒಂದೊಂದು ಕಾಲಕ್ಕೆ ನಿಜವೇ ಆಗಿದ್ದವು, ಅದಕ್ಕೇ ಜಗಳ ಬಗೆಹರಿಯುತ್ತಿಲ್ಲ.

ಈ ಶೈಲಿಯ ಬೇರು ಜರ್ಮನಿಯಲ್ಲಿದೆ. 1925ರ ಹೊತ್ತಿಗೆ ಅಲ್ಲಿನ ಬೌಹೌಸ್ ಅನ್ನುವ ಕಲೆ, ವಿನ್ಯಾಸದ ಶಾಲೆಯ ಹರ್ಬರ್ಟ್ ಬೇಯರ್ ವೃತ್ತ, ನೇರ ಗೆರೆಗಳಿಂದಲೇ ಅಕ್ಷರ ಕಟ್ಟಲು ಹೊರಟರು. 1927ರಲ್ಲಿ ಪೌಲ್ ರೆನ್ನರ್ ಅವರ ಫ್ಯೂಚುರಾ ಫಾಂಟ್ ಬಂತು. 1969ರಲ್ಲಿ ಚಂದ್ರನ ಮೇಲೆ ಬಿಟ್ಟುಬಂದ ಅಪೊಲೊ 11ರ ಫಲಕದಲ್ಲಿರುವುದೂ ಅದೇ. ನೋಡಲು ಕೈವಾರದಲ್ಲಿ ಎಳೆದಂತಿದ್ದರೂ ಫ್ಯೂಚುರಾ ಹಾಗಿಲ್ಲ. ದುಂಡು ಗೆರೆ ಕಂಬಕ್ಕೆ ಸೇರುವ ಜಾಗದಲ್ಲಿ ತುಸು ತೆಳ್ಳಗಾಗುತ್ತದೆ, ಇಲ್ಲದಿದ್ದರೆ ಆ ಮೂಲೆ ಕಪ್ಪುಕಪ್ಪಾಗಿ ಕಾಣುತ್ತದೆ. ಸರಳವಾಗಿ ಕಾಣಿಸಲು ಅಷ್ಟು ತಿದ್ದಬೇಕು.

ಕನ್ನಡವೇ ದುಂಡು ಲಿಪಿ, ನಮಗೆ ಇದು ಇನ್ನೂ ಸುಲಭ ಆಗಬೇಕಿತ್ತು ಅಲ್ವಾ? ಆಗಲಿಲ್ಲ. 'ದ'ಕ್ಕೂ 'ಧ'ಕ್ಕೂ ಇರುವ ವ್ಯತ್ಯಾಸ ಕೆಳಗಿನ ಒಂದು ಸಣ್ಣ ಸೀಳು. 'ರ', 'ಠ' ನಡುವೆ ಒಂದು ಚುಕ್ಕಿ. 'ಪ', 'ಷ' ನಡುವೆ ಹೊಟ್ಟೆಯೊಳಗಿನ ಒಂದು ಗೆರೆ. ಅಕ್ಷರ ದಪ್ಪ ಮಾಡಿದರೆ ಸೀಳು ಮುಚ್ಚಿಹೋಗುತ್ತದೆ, ರಸ್ತೆಯ ಆಚೆ ನಿಂತವರಿಗೆ ಧಾರವಾಡ 'ದಾರವಾಡ' ಆಗುತ್ತದೆ. ಇನ್ನು ಒತ್ತಕ್ಷರ. ಅದು ಕೆಳಗೆ ಇಳಿಯುವುದರಿಂದ ಅದಕ್ಕೆ ಜಾಗ ಬಿಟ್ಟು ಮೇಲಿನ ಅಕ್ಷರವನ್ನು ಚಿಕ್ಕದು ಮಾಡಬೇಕು. ಹಾಗಾಗಿ ಎರಡೂ ಭಾಷೆಗೆ ಒಂದೇ ಅಳತೆ ಕೊಟ್ಟರೂ ಕನ್ನಡ ಸಣ್ಣದಾಗಿಯೇ ಕಾಣುತ್ತದೆ.

ಪೇಂಟರ್‌ಗಳ ಕಾಲದಲ್ಲಿ ಇದೊಂದು ಸಮಸ್ಯೆಯೇ ಆಗಿರಲಿಲ್ಲ. ಸೀಮೆಸುಣ್ಣದಲ್ಲಿ ಗೆರೆ ಹಾಕಿ, ಇರುವ ಜಾಗ ನೋಡಿ, ಒತ್ತಕ್ಷರವನ್ನು ಪಕ್ಕಕ್ಕೆ ಸರಿಸಿ ಕೂರಿಸುತ್ತಿದ್ದರು. ಬೆಳಗಾವಿಯಲ್ಲಿ ಅದೇ ಕೈ ಕನ್ನಡ, ಮರಾಠಿ, ಇಂಗ್ಲಿಷ್ ಮೂರನ್ನೂ ಬರೆಯುತ್ತಿತ್ತು. ಒಂದೇ ಬ್ರಷ್ಷು, ಒಂದೇ ದಪ್ಪ, ಮೂರೂ ಲಿಪಿ ತಾನಾಗಿಯೇ ಹೊಂದುತ್ತಿದ್ದವು.

ಫ್ಲೆಕ್ಸ್ ಬಂದ ಮೇಲೆ ಎಲ್ಲ ಬದಲಾಯಿತು. ಕಂಪ್ಯೂಟರಿನಲ್ಲಿ ಕನ್ನಡ ಟೈಪ್ ಮಾಡಲು 1998ರಲ್ಲಿ 'ಬರಹ' ತಂತ್ರಾಂಶ ಬಂದಿತ್ತು, ಆಮೇಲೆ ಕನ್ನಡ ಗಣಕ ಪರಿಷತ್ತಿನ 'ನುಡಿ'. ಕಂಪ್ಯೂಟರಿನಲ್ಲಿ ಕನ್ನಡ ಮೂಡಿದ್ದೇ ದೊಡ್ಡ ವಿಷಯ, ಅದರ ಋಣ ಸಣ್ಣದಲ್ಲ. ಆದರೆ ಬೋರ್ಡ್ ಡಿಸೈನ್ ಮಾಡುವ ಕೋರಲ್‌ಡ್ರಾ ತಂತ್ರಾಂಶದ ಮುಂದೆ ಕೂತ ಹುಡುಗನಿಗೆ ಸಿಕ್ಕಿದ್ದು ಬಹುಪಾಲು ಪುಸ್ತಕ, ಅರ್ಜಿ ಅಚ್ಚು ಹಾಕಲು ಮಾಡಿದ ಅಕ್ಷರ. ಗಿರಾಕಿ ಬಂದು "ಇಂಗ್ಲಿಷ್‌ದಂಗ ನೀಟ್ ಬರಬೇಕ್ರಿ" ಅಂದರೆ ಅವನೇನು ಮಾಡಬೇಕು? ಅಡ್ಡಕ್ಕೆ ಎಳೆದ. ಸುತ್ತ ಔಟ್‌ಲೈನ್ ಹಾಕಿ ದಪ್ಪ ಮಾಡಿದ. ಅಡ್ಡಕ್ಕೆ ಎಳೆದರೆ ವೃತ್ತ ಮೊಟ್ಟೆಯಾಗುತ್ತದೆ, ನಿಂತ ಗೆರೆ ದಪ್ಪ, ಮಲಗಿದ ಗೆರೆ ತೆಳು. ಔಟ್‌ಲೈನ್ ಹಾಕಿದರೆ 'ಧ'ದ ಸೀಳು ಮಾಯ. 2014ರ ನವೆಂಬರ್ 1ಕ್ಕೆ ಬೆಳಗಾವಿ, ವಿಜಯಪುರ ಅನ್ನುವ ಹೆಸರುಗಳು ಅಧಿಕೃತವಾದಾಗ ಹೊಸ ಬೋರ್ಡ್ ಹಾಕಿಸುವ ಕೆಲಸ ಬಂತು. ಒಳ್ಳೆ ಅಕ್ಷರಕ್ಕೆ ಅದು ಒಳ್ಳೆ ಸಮಯವಾಗಿತ್ತು, ಕೈಯಲ್ಲಿದ್ದದ್ದು ಮಾತ್ರ ಅವೇ ಹಳೇ ಫಾಂಟು.

ಅಷ್ಟರಲ್ಲಿ ಯೂನಿಕೋಡ್, ಅಂದರೆ ಎಲ್ಲ ಕಂಪ್ಯೂಟರಿಗೂ ಸಾಮಾನ್ಯವಾದ ಅಕ್ಷರ ಸಂಕೇತ ಬಳಸುವ ಫಾಂಟುಗಳೂ ಬರತೊಡಗಿದ್ದವು. ಮುಂಬೈನ ಏಕ್ ಟೈಪ್ ತಂಡದಿಂದ 'ಬಾಲೂ ತಮ್ಮ' ಅನ್ನುವ ಫಾಂಟ್ ಬಂತು, ಆಮೇಲೆ 'ಅನೇಕ್ ಕನ್ನಡ'. ಅನೇಕ್‌ನಲ್ಲಿ ತೀರಾ ತೆಳುವಿನಿಂದ ತೀರಾ ದಪ್ಪದವರೆಗೆ, ಕಿರಿದಿನಿಂದ ಅಗಲದವರೆಗೆ ಎಲ್ಲ ಇದೆ. ಎಳೆಯುವ ಅಗತ್ಯವೇ ಇಲ್ಲ, ಅಗಲ ಬೇಕಿದ್ದರೆ ಅಗಲವಾಗಿಯೇ ಬರೆದದ್ದು ಸಿಗುತ್ತದೆ. ದೇವನಾಗರಿ, ಇಂಗ್ಲಿಷ್ ಕೂಡ ಅದೇ ಕುಟುಂಬದಲ್ಲಿವೆ, ಬೆಳಗಾವಿಗೆ ಇದಕ್ಕಿಂತ ಇನ್ನೇನು ಬೇಕು! ಆದರೆ ಕೋರಲ್‌ಡ್ರಾದ ಹಳೇ ಆವೃತ್ತಿಗೆ ಯೂನಿಕೋಡ್ ಕನ್ನಡ ಜೋಡಿಸಲು ಬರುವುದಿಲ್ಲ, ಒತ್ತಕ್ಷರ ಬಿಡಿಬಿಡಿಯಾಗಿ ಉದುರುತ್ತದೆ. ಹೊಸ ಆವೃತ್ತಿಗೆ ದುಡ್ಡು ಜಾಸ್ತಿ. ಹಾಗಾಗಿ ಸಣ್ಣ ಅಂಗಡಿಗಳಲ್ಲಿ ಆ ಕಾಟವಿಲ್ಲದ 'ನುಡಿ'ಯ ಹಳೇ ಫಾಂಟುಗಳೇ ಉಳಿದವು.

ಈಗ ಅಕ್ರಿಲಿಕ್ ಅಕ್ಷರ, ಎಲ್‌ಇಡಿ ನಿಯಾನ್ ಪಟ್ಟಿಯ ಕಾಲ. ಪಟ್ಟಿಯ ದಪ್ಪ ಎಲ್ಲ ಕಡೆ ಒಂದೇ ಇರುವುದರಿಂದ ಸಮಗೆರೆಯ ಅಕ್ಷರವೇ ಅದಕ್ಕೆ ಸರಿ. ಕನ್ನಡದಲ್ಲಿ ಬಿಡಿಯಾಗಿ ನಿಲ್ಲುವ ಪ್ರತಿ ಒತ್ತಕ್ಷರಕ್ಕೂ ಬೇರೆ ತುಂಡು ಕತ್ತರಿಸಬೇಕು, ಬೇರೆ ವೈರ್ ಎಳೆಯಬೇಕು. ಖರ್ಚು ಏರಿದ ಕೂಡಲೇ ಮೊದಲು ಕತ್ತರಿ ಬೀಳುವುದು ಕನ್ನಡಕ್ಕೇ. ಒಂದು ಮೂಲೆಯಲ್ಲಿ ಸ್ಟಿಕ್ಕರ್ ಆಗಿ ಉಳಿಯುತ್ತದೆ.

2024ರ ತಿದ್ದುಪಡಿ ಕಾನೂನು ನಾಮಫಲಕದಲ್ಲಿ ಶೇ. 60 ಕನ್ನಡ ಇರಬೇಕು, ಅದೂ ಮೇಲಿನ ಅರ್ಧದಲ್ಲಿ ಅನ್ನುತ್ತದೆ. ಬೇಕಾಗಿದ್ದ ಕಾನೂನೇ. ಆದರೆ ಜಾಗ ತುಂಬಿಸಲು ಮತ್ತೆ ಎಳೆಯುವುದು ಶುರುವಾದರೆ 'ದಾರವಾಡ' ಇನ್ನೂ ದೊಡ್ಡದಾಗಿ ಕಾಣುತ್ತದೆ ಅಷ್ಟೇ. ಸದ್ಯಕ್ಕೆ ಒಂದು ದಾರಿ ಇದೆ: ಅನೇಕ್‌ನಲ್ಲಿ ಕನ್ನಡ ಹೆಸರನ್ನು ಮೊದಲು ಕೂರಿಸಿ, ಒತ್ತಕ್ಷರಕ್ಕೆ ಬೇಕಾದ ಎತ್ತರ ಬಿಟ್ಟು, ಉಳಿದ ಜಾಗಕ್ಕೆ ಇಂಗ್ಲಿಷ್ ಮತ್ತು ಮರಾಠಿಯನ್ನು ಅದೇ ದಪ್ಪದಲ್ಲಿ ಹೊಂದಿಸುವುದು. ಹಳೇ ಕೋರಲ್ ಇದ್ದವರು ಪುಕ್ಕಟೆ ಸಿಗುವ ಇಂಕ್‌ಸ್ಕೇಪ್ ಅನ್ನುವ ಡಿಸೈನ್ ತಂತ್ರಾಂಶದಲ್ಲಿ ಹೆಸರು ಬರೆದು, ಅದನ್ನು ಗೆರೆಗಳ ಚಿತ್ರವಾಗಿ ಬದಲಿಸಿ ಕೋರಲ್‌ಗೆ ತಂದುಕೊಳ್ಳಬಹುದು.