ಟ್ರಕ್ ಪದ್ಧತಿ: ಕೂಲಿ ಮಾಲೀಕನದು, ಅಂಗಡಿಯೂ ಮಾಲೀಕನದೇ

19ನೇ ಶತಮಾನದ ಬ್ರಿಟನ್ನಿನ ಕಾರ್ಮಿಕರ ಬಗ್ಗೆ ಓದುವಾಗ ‘ಟ್ರಕ್’ ಅನ್ನುವ ಪದ ಮತ್ತೆ ಮತ್ತೆ ಎದುರಾಗುತ್ತದೆ. ಲಾರಿಗೂ ಇದಕ್ಕೂ ಏನೂ ಸಂಬಂಧ ಇಲ್ಲ. ಕೂಲಿಯನ್ನು ದುಡ್ಡಿನಲ್ಲಿ ಕೊಡದೆ ಸಾಮಾನಿನಲ್ಲಿ ಕೊಡುವುದು, ಇಲ್ಲವೇ ಮಾಲೀಕನ ಅಂಗಡಿಯಲ್ಲಿ ಮಾತ್ರ ನಡೆಯುವ ಚೀಟಿಯನ್ನೋ ಬಿಲ್ಲೆಯನ್ನೋ ಕೈಗಿಡುವುದು, ಇದೇ ಟ್ರಕ್ ಪದ್ಧತಿ. ಆ ಅಂಗಡಿಯನ್ನು ಕೆಲಸಗಾರರು ‘ಟಾಮಿ ಶಾಪ್’ ಎಂದು ಕರೆಯುತ್ತಿದ್ದರು. ಅವರ ಆಡುಮಾತಿನಲ್ಲಿ ಟಾಮಿ ಎಂದರೆ ಬ್ರೆಡ್ಡು, ಊಟದ ಸಾಮಾನು.

ಶುರುವಿನಲ್ಲಿ ಇದಕ್ಕೆ ಒಂದಿಷ್ಟು ಕಾರಣವೂ ಇತ್ತು. 18ನೇ ಶತಮಾನದ ಕೊನೆಯಲ್ಲಿ ಬ್ರಿಟನ್ನಿನಲ್ಲಿ ಚಿಲ್ಲರೆ ನಾಣ್ಯಗಳೇ ಸಾಲುತ್ತಿರಲಿಲ್ಲ. ನೂರಾರು ಜನರಿಗೆ ವಾರವಾರ ಕೂಲಿ ಬಟವಾಡೆ ಮಾಡಲು ಚಿಲ್ಲರೆ ಎಲ್ಲಿಂದ ತರುವುದು? 1787ರಲ್ಲಿ ವೇಲ್ಸ್‌ನ ಆಂಗ್ಲೆಸಿ ದ್ವೀಪದ ಪ್ಯಾರಿಸ್ (Parys, ಅಲ್ಲಿನ ಒಂದು ಬೆಟ್ಟದ ಹೆಸರು) ತಾಮ್ರದ ಗಣಿ ಕಂಪನಿ ತನ್ನದೇ ಬಿಲ್ಲೆ ಅಚ್ಚು ಹಾಕಿಸಿತು. ಅದೇ ವರ್ಷ ಕಬ್ಬಿಣದ ಉದ್ಯಮಿ ಜಾನ್ ವಿಲ್ಕಿನ್ಸನ್ ಕೂಡ ಹಾಗೇ ಮಾಡಿದ. ಜೊತೆಗೆ, ವೇಲ್ಸ್‌ನ ಬೆಟ್ಟಗಳ ನಡುವೆ ಹೊಸದಾಗಿ ಎದ್ದ ಗಣಿ, ಕುಲುಮೆಗಳ ಹತ್ತಿರ ಬೇರೆ ಅಂಗಡಿಯೇ ಇಲ್ಲದಿದ್ದಾಗ ಕಂಪನಿಯೇ ಒಂದು ಅಂಗಡಿ ಇಟ್ಟರೆ ಅನುಕೂಲವೇ. ಆದರೆ ಚಿಲ್ಲರೆ ಬಂದ ಮೇಲೂ, ಬೇರೆ ಅಂಗಡಿಗಳು ಬಂದ ಮೇಲೂ ಟಾಮಿ ಶಾಪ್ ಹಾಗೇ ಉಳಿಯಿತು. ಅದರಲ್ಲಿ ಲಾಭದ ರುಚಿ ಸಿಕ್ಕಿತ್ತು.

ಲಾಭ ಹೇಗೆ? ಪೇಟೆಯಲ್ಲಿ 10 ಪೆನ್ನಿಗೆ ಸಿಗುವ ಹಿಟ್ಟನ್ನು ಮಾಲೀಕನ ಅಂಗಡಿಯಲ್ಲಿ 1 ಶಿಲಿಂಗ್, ಅಂದರೆ 12 ಪೆನ್ನಿಗೆ ಮಾರುತ್ತಾರೆ ಅಂದುಕೊಳ್ಳಿ. ಕೂಲಿಯ ಲೆಕ್ಕದಲ್ಲಿ 1 ಶಿಲಿಂಗ್ ಕೊಟ್ಟಂತೆಯೇ ಆಯಿತು, 2 ಪೆನ್ನಿ ಮಾತ್ರ ಸದ್ದಿಲ್ಲದೆ ವಾಪಸ್ ಹೋಯಿತು. ಕೂಲಿ ಇಳಿಸಿದರೆ ಮುಷ್ಕರ ಆಗುತ್ತದೆ. ಹಿಟ್ಟಿನ ಬೆಲೆ ಏರಿಸಿದರೆ? ಗೊಣಗುತ್ತಾರೆ, ಅಷ್ಟೇ. ತೂಕದಲ್ಲಿ ಮೋಸ, ಕಲಬೆರಕೆ ಇದ್ದರೂ ಗಿರಾಕಿ ಬೇರೆ ಕಡೆ ಹೋಗುವ ಹಾಗಿಲ್ಲ. ಮನೆ ಬಾಡಿಗೆಗೆ ನಗದೇ ಬೇಕಲ್ವಾ? ಅದಕ್ಕೆ ಅಂಗಡಿಯಿಂದ ತಂದ ಸಾಮಾನನ್ನೇ ಅರ್ಧಂಬರ್ಧ ಬೆಲೆಗೆ ಮಾರಿಕೊಳ್ಳುವವರೂ ಇದ್ದರು.

ಆದರೆ ನನ್ನ ಮಟ್ಟಿಗೆ ಇದರ ನಿಜವಾದ ಬಿಗಿ ಬೆಲೆಯಲ್ಲಿರಲಿಲ್ಲ, ಬಟವಾಡೆಯ ದಿನದಲ್ಲಿತ್ತು. ಎಷ್ಟೋ ಕಡೆ ಕೂಲಿ ವಾರಕ್ಕೊಮ್ಮೆ ಸಿಗುತ್ತಿರಲಿಲ್ಲ. ತಿಂಗಳು, ಕೆಲವೊಮ್ಮೆ ಅದಕ್ಕೂ ಜಾಸ್ತಿ ಕಾಯಬೇಕಿತ್ತು. ಅಲ್ಲಿಯವರೆಗೆ ಮನೆಯವರು ಉಪವಾಸ ಇರಲು ಆಗುತ್ತದೆಯೇ? ಕಂಪನಿ ಮುಂಗಡ ಕೊಡುತ್ತಿತ್ತು, ಆದರೆ ಅದನ್ನು ಕಂಪನಿ ಅಂಗಡಿಯಲ್ಲೇ ಖರ್ಚು ಮಾಡಬೇಕು. ಬಟವಾಡೆಯ ದಿನ ಉದ್ರಿ ಲೆಕ್ಕ ಕಳೆದರೆ ಕೈಗೆ ಬರುವುದು ಪುಡಿಗಾಸು, ಮರುದಿನ ಮತ್ತೆ ಉದ್ರಿ. ಬಾಕಿ ಇರುವವನು ಕೆಲಸ ಬಿಟ್ಟು ಹೋಗುವುದು ಸುಲಭವಲ್ಲ, ಎದುರು ಮಾತಾಡುವುದಂತೂ ದೂರದ ಮಾತು.

ಇದನ್ನು ತಡೆಯಲು ಕಾನೂನು ಇರಲಿಲ್ಲವೇ ಎಂದರೆ, ಇತ್ತು. ಬಟ್ಟೆ ಉದ್ಯಮದವರು ದುಡ್ಡಿನಲ್ಲೇ ಕೂಲಿ ಕೊಡಬೇಕೆಂದು 1464ರಲ್ಲೇ ಕಾಯ್ದೆ ಆಗಿತ್ತು! ಆಮೇಲೂ ಹಲವು ಬಂದವು, ಯಾವುದೂ ಸರಿಯಾಗಿ ನಡೆಯಲಿಲ್ಲ. ದೊಡ್ಡ ಪ್ರಯತ್ನ ಎಂದರೆ 1831ರ ಟ್ರಕ್ ಕಾಯ್ದೆ. ಸ್ಟಾಫರ್ಡ್‌ಶೈರ್‌ನ ಸಂಸದ ಎಡ್ವರ್ಡ್ ಲಿಟಲ್ಟನ್ ಇದಕ್ಕಾಗಿ ಓಡಾಡಿದ. ಮಜಾ ಏನೆಂದರೆ ಅವನ ಬೆನ್ನಿಗೆ ನಿಂತವರಲ್ಲಿ ಕಾರ್ಮಿಕರಷ್ಟೇ ಅಲ್ಲ, ಊರಿನ ಅಂಗಡಿಯವರೂ ನಗದು ಕೂಲಿ ಕೊಡುತ್ತಿದ್ದ ಉದ್ಯಮಿಗಳೂ ಇದ್ದರು. ಟಾಮಿ ಶಾಪ್ ಇಟ್ಟವನಿಗೆ ಕೂಲಿಯ ಖರ್ಚು ಕಡಿಮೆ, ತನ್ನ ಕಾರ್ಖಾನೆಯ ಮಾಲನ್ನು ಅಗ್ಗಕ್ಕೆ ಮಾರಬಲ್ಲ, ಅದು ಈ ಉದ್ಯಮಿಗಳ ಹೊಟ್ಟೆನೋವು. ಬಡವರ ಪರ ಎಂದು ಹೆಸರಾಗಿದ್ದ ಸಂಸದ ಜೋಸೆಫ್ ಹ್ಯೂಮ್ ಮಾತ್ರ ಇದನ್ನು ವಿರೋಧಿಸಿದ. ಮಾಲೀಕ ಮತ್ತು ಕೆಲಸಗಾರನ ಒಪ್ಪಂದದ ನಡುವೆ ಸರ್ಕಾರ ಬರಬಾರದು ಎಂಬುದು ಅವನ ನಿಲುವು. ಉದ್ರಿಯಲ್ಲಿ ಮುಳುಗಿದವನ ಒಪ್ಪಂದ ಎಂಥ ಒಪ್ಪಂದ ಅನ್ನುವುದು ಬೇರೆ ಮಾತು.

ಕಬ್ಬಿಣ, ಕಲ್ಲಿದ್ದಲು, ಬಟ್ಟೆ ಮುಂತಾದ ಉದ್ಯಮಗಳಲ್ಲಿ ಕೂಲಿಯನ್ನು ಚಾಲ್ತಿಯ ನಾಣ್ಯದಲ್ಲೇ ಕೊಡಬೇಕು ಎಂದು ಆ ಕಾಯ್ದೆ ಹೇಳಿತು. ಮನೆಗೆಲಸದವರನ್ನೂ ಹೊಲದ ಆಳುಗಳನ್ನೂ ಹೊರಗಿಟ್ಟಿತು. ದೂರು ಕೊಡುವ ಭಾರ ಕೆಲಸಗಾರನ ಮೇಲೆಯೇ ಬಿತ್ತು. ದೂರು ಕೊಟ್ಟವನಿಗೆ ಮರುದಿನ ಕೆಲಸ ಇರುತ್ತದೆಯೇ? ಹಾಗಾಗಿ ಕಳ್ಳದಾರಿಗಳು ಹುಟ್ಟಿದವು. ಒಂದು ಕೋಣೆಯಲ್ಲಿ ನಗದು ಎಣಿಸಿ ಕೊಡುವುದು, ಪಕ್ಕದ ಅಂಗಡಿಯಲ್ಲಿ ಅದನ್ನೇ ಖರ್ಚು ಮಾಡಿಸುವುದು. ಬರ್ಮಿಂಗ್‌ಹ್ಯಾಮ್ ಹತ್ತಿರದ ಬ್ಲ್ಯಾಕ್ ಕಂಟ್ರಿಯಲ್ಲಿ ಮನೆಯಲ್ಲೇ ಕುಲುಮೆ ಇಟ್ಟುಕೊಂಡು ಮೊಳೆ ಬಡಿಯುವ ಕುಟುಂಬಗಳಿದ್ದವು. ಅವರಿಗೆ ಕಬ್ಬಿಣದ ಸಲಾಕೆ ಕೊಟ್ಟು ಮೊಳೆ ಕೊಳ್ಳುತ್ತಿದ್ದ ದಲ್ಲಾಳಿಗಳಿಗೆ ‘ಫಾಗರ್’ ಎಂದು ಹೆಸರು. ಅಂಗಡಿಯೂ ಅವರದೇ ಆದರೆ ಮುಗಿಯಿತು.

1887ರ ತಿದ್ದುಪಡಿಯಿಂದ ಸ್ವಲ್ಪ ಹಲ್ಲು ಬಂತು. ಕೈಕೆಲಸದ ಬಹುಪಾಲು ಎಲ್ಲರೂ ಕಾಯ್ದೆಯೊಳಗೆ ಬಂದರು. ಜಾರಿ ಮಾಡುವ ಕೆಲಸ ಕಾರ್ಖಾನೆ ಮತ್ತು ಗಣಿ ಇನ್‌ಸ್ಪೆಕ್ಟರುಗಳ ಪಾಲಿಗೆ ಬಂತು. ಹೊಲದ ಆಳುಗಳಿಗೆ ಕೂಲಿಯ ಭಾಗವಾಗಿ ಮದ್ಯ ಕೊಡುವುದೂ ನಿಂತಿತು, ಕಾನೂನಿನ ಪ್ರಕಾರವಾದರೂ. ತಡವಾಗಿ ಬಂದದ್ದಕ್ಕೆ, ಕೆಲಸ ಕೆಟ್ಟದ್ದಕ್ಕೆ ಹಾಕುವ ದಂಡಗಳೂ 1896ರ ಕಾಯ್ದೆಯ ಹಿಡಿತಕ್ಕೆ ಬಂದವು. ಹೀಗೆ ‘ಟ್ರಕ್’ ಅನ್ನುವ ಮಾತು ಟಾಮಿ ಶಾಪ್ ದಾಟಿ, ಕೂಲಿಯಲ್ಲಿ ಮುರಿದುಕೊಳ್ಳುವ ಎಲ್ಲದಕ್ಕೂ ಹರಡಿತು.

ಕಾನೂನು ಮಾಡದ ಕೆಲಸವನ್ನು ಜನ ಒಂದಿಷ್ಟು ತಾವೇ ಮಾಡಿಕೊಂಡರು. 1844ರಲ್ಲಿ ರಾಚ್‌ಡೇಲ್ ಊರಿನ ನೇಕಾರರೂ ಇತರರೂ ಸೇರಿ ಸಹಕಾರಿ ಅಂಗಡಿ ತೆರೆದರು. ಕಲಬೆರಕೆ ಇಲ್ಲದ ಹಿಟ್ಟು, ಸರಿಯಾದ ತೂಕ, ಕೊಂಡವರಿಗೇ ಲಾಭದ ಪಾಲು. ಮತ್ತೊಂದು ನಿಯಮ: ಉದ್ರಿ ಇಲ್ಲ. ಉದ್ರಿ ಏನು ಮಾಡುತ್ತದೆಂದು ಅವರಿಗೆ ಚೆನ್ನಾಗಿ ಗೊತ್ತಿತ್ತು.

ಟ್ರಕ್ ಕಾಯ್ದೆಗಳು ರದ್ದಾದದ್ದು 1986ರಲ್ಲಿ. ಅಷ್ಟು ಹೊತ್ತಿಗೆ ನಗದೇ ಬೇಕು ಅನ್ನುವ ನಿಯಮ ಬ್ಯಾಂಕ್ ಖಾತೆಗೆ ಸಂಬಳ ಹಾಕಲು ಅಡ್ಡಿಯಾಗಿತ್ತು. ಬ್ರಿಟಿಷರ ಆಳ್ವಿಕೆಯಲ್ಲಿ ನಮ್ಮಲ್ಲಿ ಬಂದ 1936ರ ವೇತನ ಪಾವತಿ ಕಾಯ್ದೆಯಲ್ಲೂ ಇದೇ ನಿಯಮ ಇತ್ತು: ಕೂಲಿಯನ್ನು ಚಾಲ್ತಿಯ ನಾಣ್ಯ ಅಥವಾ ನೋಟಿನಲ್ಲೇ ಕೊಡಬೇಕು. ದಂಡಕ್ಕೂ ಅದರಲ್ಲಿ ಮಿತಿ ಇತ್ತು. ಕಾರ್ಮಿಕ ಬರೆದುಕೊಡದಿದ್ದರೂ ಚೆಕ್ ಅಥವಾ ಬ್ಯಾಂಕ್ ಖಾತೆಯ ಮೂಲಕ ಸಂಬಳ ಕೊಡಬಹುದು ಎಂದು ಅದನ್ನು ತಿದ್ದಿದ್ದು 2017ರಲ್ಲಿ.